ರಾಜೀನಾಮೆ ಪತ್ರ ಸದ್ಯ ಚೀಲದಲ್ಲೇ ಇರಲಿ

ಪ್ರಶ್ನೆ: ನನಗೆ 41 ವರ್ಷ. ದಿನಾ ಮೂಲ್ಕಿಯಿಂದ ಬಸ್ಸಿನಲ್ಲಿ ಮಂಗಳೂರಿನ ಹಂಪನಕಟ್ಟೆಗೆ ಹೋಗಿ ಒಂದು ಬಟ್ಟೆ ಮಳಿಗೆಯ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಕೆಲಸಕ್ಕೆ ಸೇರಿ 9 ವರ್ಷ 1 ತಿಂಗಳು. ಸಂಬಳ 20,400, ಅದರಲ್ಲಿ ಮೂಲವೇತನ 13,000. ಪಿಎಫ್, ಇಎಸ್‌ಐ (ನೌಕರರ ವಿಮೆ) ಇದೆ. ಎರಡು ವರ್ಷದಿಂದ ರುಮಟಾಯ್ಡ್ ಸಂಧಿವಾತ. ಇಷ್ಟು ದಿನ ನೋವಿನ ಮಾತ್ರೆಯಲ್ಲೇ ದೂಡಿದೆ, ಆರು ವಾರದಿಂದ ಮೆಥೊಟ್ರೆಕ್ಸೇಟ್ ಶುರುವಾಗಿದೆ. ಬೆಳಿಗ್ಗೆ ಕಾಯಿ ಹೆರೆಯಲಿಕ್ಕೂ ಬೆರಳು ಮಡಚುವುದಿಲ್ಲ. ಅತ್ತೆ "ಬಿಟ್ಟು ಮನೆಯಲ್ಲಿ ಕೂತ್ಕೋ" ಅನ್ನುತ್ತಾರೆ, ಗಂಡ "ನಿನ್ನಿಷ್ಟ" ಅನ್ನುತ್ತಾರೆ. ಜೊತೆಯವಳೊಬ್ಬಳು ಅಂಗವಿಕಲ ಸರ್ಟಿಫಿಕೇಟ್ ಮಾಡಿಸಿದರೆ ಪೆನ್ಶನ್ ಬರುತ್ತದೆ ಅಂತ ಹೇಳಿದಳು. ರಾಜೀನಾಮೆ ಬರೆದು ಚೀಲದಲ್ಲಿ ಇಟ್ಟುಕೊಂಡಿದ್ದೇನೆ. ಕೊಡಲೇ?

ಉತ್ತರ: ಈಗ ಕೊಡಬೇಡಿ. ಧೈರ್ಯ ತಂದುಕೊಳ್ಳಿ ಅಂತ ಹೇಳುವುದಲ್ಲ, ಲೆಕ್ಕ ಹಾಗಿದೆ.

ಮೊದಲು ಔಷಧಿಯ ವಿಷಯ. ಮೆಥೊಟ್ರೆಕ್ಸೇಟ್ ನೋವಿನ ಮಾತ್ರೆಯ ಹಾಗೆ ಸಂಜೆಗೇ ಗುಣ ತೋರಿಸುವುದಿಲ್ಲ. ಆರರಿಂದ ಹನ್ನೆರಡು ವಾರ ಬೇಕು, ನೀವಿನ್ನೂ ಆ ಅವಧಿಯ ಬಾಗಿಲಲ್ಲಿದ್ದೀರಿ. ಅದು ಸಾಲದಿದ್ದರೆ ಪ್ರಮಾಣ ಏರಿಸುವುದು, ಇನ್ನೊಂದು ಮಾತ್ರೆ ಸೇರಿಸುವುದು, ಆಮೇಲೆ ಬಯೊಲಾಜಿಕ್ ಚುಚ್ಚುಮದ್ದು, ಹೀಗೆ ಇನ್ನೂ ಮೆಟ್ಟಿಲುಗಳಿವೆ. ಮೂಳೆ ಸವೆಯುವುದು ಹೆಚ್ಚಾಗಿ ಮೊದಲ ಒಂದೆರಡು ವರ್ಷಗಳಲ್ಲೇ ಶುರುವಾಗುತ್ತದೆ. ಹಾಗಾಗಿ ಮೂಳೆ ಡಾಕ್ಟರ ಬಳಿಯೇ ನಿಲ್ಲದೆ ಸಂಧಿವಾತದ ಡಾಕ್ಟರನ್ನು, ಅಂದರೆ ರುಮಟಾಲಜಿ ತಜ್ಞರನ್ನು ಕಾಣಿ, ಮಂಗಳೂರು–ಮಣಿಪಾಲದ ದೊಡ್ಡ ಆಸ್ಪತ್ರೆಗಳಲ್ಲಿ ಸಿಗುತ್ತಾರೆ. ಈ ಮಾತ್ರೆ ವಾರಕ್ಕೊಂದೇ ದಿನ, ದಿನಾ ನುಂಗಿದರೆ ಜೀವಕ್ಕೇ ಅಪಾಯ. ತೆಗೆದುಕೊಂಡ ಮರುದಿನ ಸುಸ್ತು, ವಾಕರಿಕೆ ಬರುವುದಾದರೆ ಡಾಕ್ಟರನ್ನು ಕೇಳಿ ಶನಿವಾರ ರಾತ್ರಿಗೆ ಬದಲಿಸಿಕೊಳ್ಳಿ. ಸುಸ್ತು ಭಾನುವಾರಕ್ಕೇ ಮುಗಿಯಲಿ, ಸೋಮವಾರದ ಕೆಲಸಕ್ಕೆ ಬೇಡ.

ಅತ್ತೆಯವರ ಮಾತಿನಲ್ಲಿ ಕಾಳಜಿಯಿದೆ. ಆದರೆ "ಮನೆಯಲ್ಲಿ ಕೂತ್ಕೋ" ಎಂದರೆ ಯಾರೂ ಕೂತಿರುವುದಿಲ್ಲವಲ್ಲ! ಹೆರೆಮಣೆ, ಒದ್ದೆ ಬಟ್ಟೆ ಹಿಂಡುವುದು, ಕೊಡಪಾನ ಎತ್ತುವುದು, ಇವೆಲ್ಲ ಕೀಬೋರ್ಡಿಗಿಂತ ಬೆರಳಿನ ಗಂಟಿಗೆ ಕೆಟ್ಟವು. ಕೆಲಸ ಬಿಟ್ಟರೆ ಸಂಬಳ ಹೋಗುತ್ತದೆ, ಕೈಗೆ ವಿಶ್ರಾಂತಿಯೂ ಸಿಗದೆ ಹೋಗಬಹುದು. ಮನೆಗೆಲಸದಲ್ಲಿ ಯಾವುದನ್ನು ಯಾರು ಮಾಡುವುದೆಂದು ಗಂಡನ ಹತ್ತಿರ ಈಗಲೇ ಮಾತಾಡಿ. "ನಿನ್ನಿಷ್ಟ" ಎಂದವರು ಕಾಯಿ ಹೆರೆಯಲೂ ಕಲಿಯಬಹುದು.

ಇನ್ನು ಹಣದ ಲೆಕ್ಕ. ಪಿಎಫ್ ಜೊತೆಗಿರುವ ಪಿಂಚಣಿ ಯೋಜನೆಯಲ್ಲಿ ಮಾಸಿಕ ಪಿಂಚಣಿಗೆ 10 ವರ್ಷದ ಸೇವೆ ಬೇಕು. ಆರು ತಿಂಗಳು ತುಂಬಿದ ಭಾಗವನ್ನು ಒಂದು ವರ್ಷವೆಂದು ಎಣಿಸುವುದರಿಂದ ನಿಮಗೆ ಬೇಕಾದದ್ದು ಇನ್ನು ಐದೇ ತಿಂಗಳು. ಸರಾಸರಿ ವೇತನ 13,000 ಎಂದು ಹಿಡಿದು, 10ರಿಂದ ಗುಣಿಸಿ, 70ರಿಂದ ಭಾಗಿಸಿದರೆ, 58ನೇ ವಯಸ್ಸಿನಿಂದ ತಿಂಗಳಿಗೆ ಸುಮಾರು 1,857 ರೂಪಾಯಿ. ದೊಡ್ಡ ಮೊತ್ತವೇನಲ್ಲ, ಆದರೆ ಐದು ತಿಂಗಳಿಗಾಗಿ ಬಿಟ್ಟುಕೊಡುವಂಥದ್ದೂ ಅಲ್ಲ. ಸಂಬಳವಿಲ್ಲದ ದಿನಗಳು ಈ ಸೇವೆಯಿಂದ ಕಳೆದುಹೋಗುತ್ತವೆ, ಹಾಗಾಗಿ ಒಂದೆರಡು ತಿಂಗಳು ಹೆಚ್ಚಿಗೆ ಹಿಡಿದಿಟ್ಟುಕೊಳ್ಳಿ. ಅದೇ ಯೋಜನೆಯಲ್ಲಿ ಶಾಶ್ವತವಾಗಿ, ಪೂರ್ತಿಯಾಗಿ ದುಡಿಯಲಾಗದವರಿಗೆ ಹತ್ತು ವರ್ಷದ ಷರತ್ತಿಲ್ಲದೆ ಅಂಗವೈಕಲ್ಯ ಪಿಂಚಣಿಯೂ ಇದೆ. ಆದರೆ ಆ ಸ್ಥಿತಿ ಬಂದದ್ದು ಕೆಲಸದಲ್ಲಿದ್ದಾಗಲೇ ಆಗಿರಬೇಕು. ರಾಜೀನಾಮೆ ಕೊಟ್ಟು ಆಮೇಲೆ ಕೇಳಲು ಹೋದರೆ ಆ ಬಾಗಿಲು ಮುಚ್ಚಿರುತ್ತದೆ. ಕೆಲಸ ಬಿಡುವಾಗ ಮಾಲೀಕರು ಕೊಡಬೇಕಾದ ಗ್ರಾಚ್ಯುಟಿ ಮಾತ್ರ ಹೇಗೆ ಬಿಟ್ಟರೂ ನಿಮ್ಮದೇ: 13,000ವನ್ನು 26ರಿಂದ ಭಾಗಿಸಿ, 15ರಿಂದ, ಮತ್ತೆ 9ರಿಂದ ಗುಣಿಸಿ, 67,500.

ಇಎಸ್‌ಐ ಕಾರ್ಡನ್ನು ಹೆಚ್ಚಿನವರು ಮದ್ದಿಗೆ ಮಾತ್ರ ಬಳಸುತ್ತಾರೆ, ಅದರಲ್ಲಿ ಕಾಯಿಲೆ ರಜೆಯ ಹಣವೂ ಇದೆ. ವರ್ಷಕ್ಕೆ ಹೆಚ್ಚೆಂದರೆ 91 ದಿನ, ದಿನದ ಸರಾಸರಿ ಸಂಬಳದ ಶೇ 70. ನಿಮ್ಮ ಲೆಕ್ಕದಲ್ಲಿ ತಿಂಗಳಿಗೆ 14,000ದ ಆಸುಪಾಸು. ಮೊದಲ ಎರಡು ದಿನಕ್ಕೆ ಹಣವಿಲ್ಲ. ಎಡವುವುದು ಇಲ್ಲಿ: ಖಾಸಗಿ ಡಾಕ್ಟರ ಚೀಟಿ ತೋರಿಸಿ ಮಾಲೀಕರ ಹತ್ತಿರ ಸಂಬಳವಿಲ್ಲದ ರಜೆ ಹಾಕಿ ಮನೆಯಲ್ಲಿ ಮಲಗುತ್ತಾರೆ. ಆ ದಿನಗಳಿಗೆ ಸಂಬಳವೂ ಇಲ್ಲ, ಇಎಸ್‌ಐ ಹಣವೂ ಇಲ್ಲ. ಮೇಲಿಂದ ಆರು ತಿಂಗಳಲ್ಲಿ 78 ದಿನದ ವಂತಿಗೆ (ಸಂಬಳದಿಂದ ಇಎಸ್‌ಐಗೆ ಕಡಿತವಾಗುವ ಹಣ) ತುಂಬದಿದ್ದರೆ ಅದಕ್ಕೆ ಹೊಂದಿಕೊಂಡ ಮುಂದಿನ ಆರು ತಿಂಗಳ ಕಾಯಿಲೆ ಭತ್ಯೆ ಹೋಯಿತು. ಆದ್ದರಿಂದ ಮಲಗುವ ಮೊದಲೇ ಇಎಸ್‌ಐ ಡಿಸ್ಪೆನ್ಸರಿಯ ಡಾಕ್ಟರಿಂದ ರಜೆಯ ಸರ್ಟಿಫಿಕೇಟ್ ಬರೆಸಿಕೊಳ್ಳಿ. ಕೆಲವು ದೀರ್ಘ ಕಾಯಿಲೆಗಳಿಗೆ ಶೇ 80ರ ದರದಲ್ಲಿ ಎರಡು ವರ್ಷದವರೆಗೆ ಹಣ ಸಿಗುವ ಇನ್ನೊಂದು ಸೌಲಭ್ಯವಿದೆ. ಮೂತ್ರಪಿಂಡ ವೈಫಲ್ಯ, ಪಾರ್ಕಿನ್ಸನ್ಸ್ ಎಲ್ಲ ಆ ಪಟ್ಟಿಯಲ್ಲಿವೆ, ನಿಮ್ಮ ಸಂಧಿವಾತ ಇಲ್ಲ. ನಿಮಗಿರುವುದು ಆ 91 ದಿನ ಮಾತ್ರ. ತಲೆನೋವು, ಶೀತಕ್ಕೆಲ್ಲ ಮುರಿಯದೆ, ಔಷಧಿ ಬದಲಾಗುವ ವಾರಗಳಿಗೆ, ಮೊಣಕಾಲು ಊದಿ ಬಸ್ಸು ಹತ್ತಲಾಗದ ದಿನಗಳಿಗೆ ಉಳಿಸಿ.

ಜೊತೆಯವರು ಹೇಳಿದ ಸರ್ಟಿಫಿಕೇಟ್ ಬೇರೆ, ಪೆನ್ಶನ್ ಬೇರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯ ಹೇಳುತ್ತದೆ. ಅದರಲ್ಲಿ ಸಂಧಿವಾತದ ಹೆಸರಿಲ್ಲ, ಚಲನಾ ಅಂಗವೈಕಲ್ಯದ ಅಡಿಯಲ್ಲಿ ನಿಮ್ಮನ್ನು ಅಳೆಯುತ್ತಾರೆ. ಗಂಟು ಎಷ್ಟು ಮಡಚುತ್ತದೆ, ಹಿಡಿತ ಎಷ್ಟಿದೆ, ಬಲ ಎಷ್ಟಿದೆ ಎಂದು ನೋಡುತ್ತಾರೆ. ಎರಡೇ ವರ್ಷದ ಕಾಯಿಲೆ, ಬೆರಳು ಸೊಟ್ಟಗಾಗಿಲ್ಲ ಎಂದರೆ ಸೌಲಭ್ಯಗಳಿಗೆ ಬೇಕಾದ ಶೇ 40 ದಾಟುವುದು ಕಷ್ಟ. ದಾಟಿದರೂ ಮಾಸಾಶನಕ್ಕೆ ನಾಡಕಚೇರಿಯಲ್ಲಿ ಮನೆಯ ಆದಾಯದ ಮಿತಿ ಅಡ್ಡ ಬರುತ್ತದೆ, ಮೊತ್ತವೂ ಸಂಬಳದ ಹತ್ತಿರ ಸುಳಿಯುವುದಿಲ್ಲ. ಹಾಗೆಂದು ಸರ್ಟಿಫಿಕೇಟ್ ಬೇಡವೆಂದಲ್ಲ. ಇಎಸ್‌ಐ ಸಂಬಳದ ಮಿತಿ ಸಾಮಾನ್ಯರಿಗೆ 21,000, ಅಂಗವಿಕಲರಿಗೆ 25,000. ಮುಂದಿನ ಇನ್‌ಕ್ರಿಮೆಂಟಿನಲ್ಲಿ ನೀವು 21,000 ದಾಟಿದರೆ ಆ ಆರು ತಿಂಗಳ ವಂತಿಗೆ ಅವಧಿ ಮುಗಿಯುತ್ತಲೇ ಇಎಸ್‌ಐನಿಂದ ಹೊರಗೆ. ಕೈಯಲ್ಲಿ ಶೇ 40ರ ಕಾರ್ಡಿದ್ದರೆ ಒಳಗೇ ಇರುತ್ತೀರಿ. ಸಂಬಳ ಏರಿದ್ದಕ್ಕೆ ಮದ್ದಿನ ಖರ್ಚು ಮೈಮೇಲೆ ಬರುವುದೆಂದರೆ ಇದು.

ಸರ್ಟಿಫಿಕೇಟಿಗೆ ಅರ್ಜಿ ಹಾಕುವುದು ಆನ್‌ಲೈನಿನಲ್ಲಿ, ಸರ್ಕಾರದ ಸ್ವಾವಲಂಬನ್ ಪೋರ್ಟಲಿನಲ್ಲಿ. ಕಂಪ್ಯೂಟರ್ ಬೇಡವೆಂದರೆ ಪಂಚಾಯತಿನ ಪುನರ್ವಸತಿ ಕಾರ್ಯಕರ್ತರು, ಜನ ವಿಆರ್‌ಡಬ್ಲ್ಯು ಅನ್ನುತ್ತಾರಲ್ಲ, ಅವರು ಮಾಡಿಕೊಡುತ್ತಾರೆ. ಪರೀಕ್ಷೆಗೆ ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯಿಂದ ಕರೆ ಬಂದಾಗ ಎರಡೂ ಕೈಯ ಎಕ್ಸ್‌ರೇ, ಎರಡು ವರ್ಷದ ಚೀಟಿಗಳು, ರಕ್ತದ ವರದಿಗಳನ್ನು ತಾರೀಖಿನ ಕ್ರಮದಲ್ಲಿ ಒಯ್ಯಿರಿ. ಆಗದ ಕೆಲಸವನ್ನು ಆಗುತ್ತದೆ ಅನ್ನಬೇಡಿ. ನಮ್ಮ ಹೆಂಗಸರು ಡಾಕ್ಟರ ಮುಂದೆ "ಪರವಾಗಿಲ್ಲ" ಅಂದೇ ಅರ್ಧ ಅಂಕ ಕಳೆದುಕೊಳ್ಳುತ್ತಾರೆ.

ಅಂಗವೈಕಲ್ಯ ಬಂದ ನೌಕರರನ್ನು ತೆಗೆಯಬಾರದು, ಬೇರೆ ಹುದ್ದೆ ಕೊಡಬೇಕು ಎಂಬ ರಕ್ಷಣೆ ಆ ಕಾಯ್ದೆಯಲ್ಲಿರುವುದು ಸರ್ಕಾರಿ ನೌಕರರಿಗೆ. ನೀವು ಮಾಲೀಕರ ಹತ್ತಿರ ಕೇಳಿಯೇ ಪಡೆಯಬೇಕು. ಪತ್ರದಲ್ಲಿ ಕಾಯಿಲೆಯ ಪುರಾಣ ಬೇಡ, ಕೆಲಸದ ಮಾತು ಬರೆಯಿರಿ: "ಬೆಳಿಗ್ಗೆ ಹತ್ತರವರೆಗೆ ಬೆರಳು ಬಿಗಿದಿರುತ್ತದೆ. ಮೂರು ತಿಂಗಳು ಪ್ರಯೋಗಕ್ಕೆ 10.30ರಿಂದ 6.30ರ ಸಮಯ ಕೊಡಿ. ಫೈಲು ಇಳಿಸುವ ಕೆಲಸ ಬೇರೆಯವರಿಗಿರಲಿ. ತಿಂಗಳ ಕೊನೆಯ ಲೆಕ್ಕ ಹಿಂದಿನಂತೆಯೇ ನನ್ನದು." ಒಂದು ಪ್ರತಿಗೆ ಸಹಿ ಹಾಕಿಸಿ ಇಟ್ಟುಕೊಳ್ಳಿ. ತಡವಾಗಿ ಹೊರಡುವುದರ ನಿಜವಾದ ಲಾಭ ಬಸ್ಸಿನಲ್ಲಿ. ನಮ್ಮ ಕಡೆಯ ಎಕ್ಸ್‌ಪ್ರೆಸ್ಸುಗಳಲ್ಲಿ ನೀವು ಸರಳು ಹಿಡಿಯುವ ಮೊದಲೇ ಕಂಡಕ್ಟರ್ ಸೀಟಿ ಊದಿ ಆಗಿರುತ್ತದೆ. ಎಂಟು ಗಂಟೆಯ ನೂಕುನುಗ್ಗಲಿನಲ್ಲಿ, ಬಿಗಿದ ಬೆರಳಲ್ಲಿ ಆ ಸರಳನ್ನು ನಂಬುವುದು ಬೇಡ.

ಚಿಕಿತ್ಸೆ ಬದಲಾಗಿ ಆರು ತಿಂಗಳಾದ ಮೇಲೂ ಬೆಳಗಿನ ಬಿಗಿತ ಒಂದು ಗಂಟೆ ಮೀರುತ್ತಿದ್ದರೆ, 91 ದಿನ ಖರ್ಚಾಗಿದ್ದರೆ, ಸಮಯ ಬದಲಿಸಿದರೂ ಮಧ್ಯಾಹ್ನಕ್ಕೆ ಕೈ ಸೋಲುತ್ತಿದ್ದರೆ, ಆಗ ಬಿಡಿ, ಅಳುಕದೆ ಬಿಡಿ. ಆದರೆ ಆಗಲೂ ಚೀಲದಲ್ಲಿರುವ ಪತ್ರ ಬೇಡ. ಅದರಲ್ಲಿ "ವೈಯಕ್ತಿಕ ಕಾರಣಗಳಿಂದ" ಎಂದು ಬರೆದಿರುತ್ತೀರಿ, ಎಲ್ಲರೂ ಹಾಗೇ ಬರೆಯುವುದು. ಹೊಸ ಪತ್ರದಲ್ಲಿ ಕಾಯಿಲೆಯ ಹೆಸರು, ಶುರುವಾದ ತಿಂಗಳು, ಯಾವ ಕೆಲಸ ಆಗುತ್ತಿಲ್ಲ ಎಂಬುದನ್ನು ಬರೆದು, ಡಾಕ್ಟರ ಸರ್ಟಿಫಿಕೇಟಿನ ನಕಲು ಲಗತ್ತಿಸಿ. ಕಾಯಿಲೆ ಬಂದದ್ದು ಕೆಲಸದಲ್ಲಿದ್ದಾಗಲೇ ಎಂದು ಆ ಪತ್ರ ಹೇಳಲಿ.