ನೆಟ್‌ವರ್ಕ್ ಪ್ರಿಂಟರ್ ನಿಧಾನ ಅಂತ ಹೊಸದು ತರಬೇಡಿ, ಮೊದಲು ಇಷ್ಟು ನೋಡಿ

ಆಫೀಸಿನ 6 ಕಂಪ್ಯೂಟರಿಗೂ ಒಂದೇ ಲೇಸರ್ ಪ್ರಿಂಟರ್, ವೈಫೈನಲ್ಲಿದೆ, ಪ್ರಿಂಟ್ ಕೊಟ್ಟರೆ ಎರಡು ನಿಮಿಷ ಕಾಯಬೇಕು, ಆಗಾಗ ಆಫ್‌ಲೈನ್ ಅಂತ ತೋರಿಸುತ್ತೆ, ಹೊಸದು ತರಬೇಕಾ ಅಂತ ಕೇಳಿದ್ದೀರಿ. ಈಗಲೇ ಬೇಡ. ನಾನು ರಾಜಾಜಿನಗರದಲ್ಲಿ ಡಿಟಿಪಿ ಅಂಗಡಿ ಇಟ್ಟಿದ್ದೇನೆ, ನಮ್ಮಲ್ಲೂ ಹೀಗೇ ಆಗಿತ್ತು.

ಮೊದಲು ಪ್ರಿಂಟರಿನ ಮೆನುವಿನಿಂದಲೇ ಕಾನ್ಫಿಗರೇಶನ್ ಪೇಜ್ (ಪ್ರಿಂಟರ್ ತನ್ನ ಸೆಟ್ಟಿಂಗ್‌ಗಳನ್ನು ತಾನೇ ಮುದ್ರಿಸುವ ಹಾಳೆ) ತೆಗೆಯಿರಿ. ಅದು ಬೇಗ ಬಂತು ಅಂದರೆ ಪ್ರಿಂಟರ್ ಚೆನ್ನಾಗಿದೆ, ತೊಂದರೆ ಇರೋದು ಕಂಪ್ಯೂಟರಿನಿಂದ ಪ್ರಿಂಟರಿಗೆ ಹೋಗೋ ದಾರಿಯಲ್ಲಿ.

ವೈಫೈ ಬಿಟ್ಟುಬಿಡಿ. ಎಷ್ಟೋ ಪ್ರಿಂಟರ್‌ಗಳು 2.4 ಗಿಗಾಹರ್ಟ್ಸ್ ಮಾತ್ರ ಹಿಡಿಯುತ್ತವೆ, ಅಕ್ಕಪಕ್ಕದ ಮನೆ ಅಂಗಡಿಗಳ ವೈಫೈ ಎಲ್ಲ ಅಲ್ಲೇ ನುಗ್ಗಾಡುತ್ತಿರುತ್ತೆ. ಎಸ್‌ಪಿ ರೋಡಿನ ಕಂಪ್ಯೂಟರ್ ಅಂಗಡಿಯಲ್ಲಿ ಒಂದು ಕ್ಯಾಟ್ 6 ನೆಟ್‌ವರ್ಕ್ ಕೇಬಲ್ ತಂದು ಪ್ರಿಂಟರನ್ನು ರೌಟರಿಗೆ ನೇರ ಚುಚ್ಚಿ.

ಆಮೇಲೆ ಐಪಿ, ಅಂದರೆ ನೆಟ್‌ವರ್ಕಿನಲ್ಲಿ ಪ್ರಿಂಟರಿನ ವಿಳಾಸ. ಕರೆಂಟ್ ಹೋಗಿ ಬಂದಾಗ ರೌಟರ್ ಪ್ರಿಂಟರಿಗೆ ಬೇರೆ ವಿಳಾಸ ಕೊಟ್ಟುಬಿಡಬಹುದು, ಕಂಪ್ಯೂಟರ್‌ಗಳು ಹಳೇ ವಿಳಾಸವನ್ನೇ ಹುಡುಕುತ್ತಾ ಕೂತಿರುತ್ತವೆ. ರೌಟರಿನ ಸೆಟ್ಟಿಂಗಿನಲ್ಲಿ ಡಿಎಚ್‌ಸಿಪಿ (ವಿಳಾಸ ಹಂಚೋ ವ್ಯವಸ್ಥೆ) ರಿಸರ್ವೇಶನ್‌ಗೆ ಹೋಗಿ ಪ್ರಿಂಟರಿಗೆ ಒಂದೇ ವಿಳಾಸ ಕಟ್ಟಿಹಾಕಿ. ಪ್ರತಿ ಕಂಪ್ಯೂಟರಿನಲ್ಲೂ ಪ್ರಿಂಟರ್ ಪ್ರಾಪರ್ಟೀಸ್ ತೆರೆದು ಪೋರ್ಟ್ಸ್ ನೋಡಿ. ಅಲ್ಲಿ ಡಬ್ಲ್ಯೂಎಸ್‌ಡಿ (WSD) ಅಂತ ಇದ್ದರೆ ಅದೇ ನಿಮ್ಮ ತಲೆನೋವು ಆಗಿರೋ ಸಾಧ್ಯತೆ ಜಾಸ್ತಿ. ವಿಂಡೋಸ್ ತಾನಾಗಿ ಪ್ರಿಂಟರ್ ಹುಡುಕಿ ಸೇರಿಸಿಕೊಂಡಾಗ ಎಷ್ಟೋ ಸಲ ಈ ಪೋರ್ಟನ್ನೇ ಹಾಕಿರುತ್ತೆ. ಹೊಸದಾಗಿ ಸ್ಟ್ಯಾಂಡರ್ಡ್ ಟಿಸಿಪಿ/ಐಪಿ ಪೋರ್ಟ್ ಸೇರಿಸಿ, ಆ ಐಪಿ ಕೊಡಿ, ಪ್ರೋಟೋಕಾಲ್ ರಾ (Raw), ಪೋರ್ಟ್ ನಂಬರ್ 9100. ಆಮೇಲೂ ಸುಮ್ನೆ ಆಫ್‌ಲೈನ್ ಅಂದರೆ ಅದೇ ಪೋರ್ಟಿನ ಸೆಟ್ಟಿಂಗಿನಲ್ಲಿ ಎಸ್‌ಎನ್‌ಎಂಪಿ (SNMP, ಪ್ರಿಂಟರಿನ ಸ್ಥಿತಿ ವಿಚಾರಿಸೋ ವ್ಯವಸ್ಥೆ) ಸ್ಟೇಟಸ್ ಟಿಕ್ ತೆಗೆಯಿರಿ. ನಮ್ಮಲ್ಲಿ ಆಫ್‌ಲೈನ್ ಕಾಟ ನಿಂತಿದ್ದು ಹೀಗೆ.

ಇನ್ನೊಂದನ್ನು ಯಾರೂ ಗಮನಿಸಲ್ಲ. ಕನ್ನಡ ಪಿಡಿಎಫ್‌ನಲ್ಲಿ ಒತ್ತಕ್ಷರ ಒಡೆದು ಬಂತು ಅಂತ ಯಾರೋ ಒಮ್ಮೆ 'ಪ್ರಿಂಟ್ ಆ್ಯಸ್ ಇಮೇಜ್' ಒತ್ತಿರುತ್ತಾರೆ, ತೆಗೆಯೋದು ಮರೆತಿರುತ್ತಾರೆ. ನಮ್ಮ ಅಂಗಡಿಯಲ್ಲಿ 3 ಪುಟದ ಬಾಡಿಗೆ ಕರಾರು ಕೊಟ್ಟರೆ ಕ್ಯೂ ವಿಂಡೋದಲ್ಲಿ ಸ್ಪೂಲಿಂಗ್ (ಪ್ರಿಂಟಿಗೆ ಫೈಲ್ ತಯಾರಾಗ್ತಿದೆ) ಅಂತ ಬರುತ್ತಿತ್ತು, ಪಕ್ಕದಲ್ಲಿ ಎಂಬಿ ಲೆಕ್ಕ ಏರುತ್ತಲೇ ಇತ್ತು, ಕೌಂಟರಿನಾಚೆ ಗಿರಾಕಿ ಸ್ಟಾಂಪ್ ಪೇಪರ್ ಹಿಡಿದು ನಿಂತಿರುತ್ತಿದ್ದರು. ಕಾರಣ ಇದೇ. ಒಂದು ಎ4 ಹಾಳೆ 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕಿ) ಸುಮಾರು 3.5 ಕೋಟಿ ಚುಕ್ಕಿ, ಅಕ್ಷರವಾಗಿ ಹೋಗಬೇಕಾದ್ದು ಅಷ್ಟು ಚುಕ್ಕಿಯ ಚಿತ್ರವಾಗಿ ಹೋಗುತ್ತೆ. 1200 ಇಟ್ಟರೆ ಅದರ ನಾಲ್ಕು ಪಟ್ಟು. ಪತ್ರ, ಬಿಲ್ಲಿಗೆ 600 ಧಾರಾಳ ಸಾಕು. ಇಮೇಜ್ ಟಿಕ್ ಅಕ್ಷರ ಒಡೆಯೋ ಆ ಒಂದು ಫೈಲಿಗೆ ಮಾತ್ರ ಇರಲಿ.

ಡ್ರೈವರ್ ಕಂಪನಿಯ ಸೈಟಿನಿಂದಲೇ ಹಾಕಿ. ಪಿಸಿಎಲ್ 6, ಪೋಸ್ಟ್‌ಸ್ಕ್ರಿಪ್ಟ್ ಅಂತ ಎರಡು ಬಗೆಯ ಡ್ರೈವರ್ ಇದ್ದರೆ ಆಫೀಸ್ ಕೆಲಸಕ್ಕೆ ಪಿಸಿಎಲ್ 6 ಹಾಕಿ ನೋಡಿ. ಅಂದಹಾಗೆ, ಲೇಸರ್ ಪ್ರಿಂಟರನ್ನು ಯುಪಿಎಸ್‌ಗೆ ಹಾಕಲೇಬೇಡಿ, ಫ್ಯೂಸರ್ (ಹಾಳೆಗೆ ಟೋನರ್ ಪುಡಿ ಅಂಟಿಸೋ ಬಿಸಿ ಭಾಗ) ಬಿಸಿಯಾಗುವಾಗ ಕರೆಂಟ್ ತುಂಬಾ ಎಳೆಯುತ್ತೆ, ಚಿಕ್ಕ ಯುಪಿಎಸ್ ತಡೆಯಲ್ಲ.

ಕಾನ್ಫಿಗರೇಶನ್ ಪೇಜೇ ನಿಧಾನವಾಗಿ ಬಂದರೆ ಮಾಡೆಲ್ ನಂಬರ್ ಬರೆಯಿರಿ, ನೋಡೋಣ.