ಏರ್ ಪ್ಯೂರಿಫೈಯರ್: ಚದರಡಿ ಬಿಡಿ, ಸಿಎಡಿಆರ್ ನೋಡಿ

ಪ್ರಶ್ನೆ: ನಮ್ಮ ಮಲಗುವ ಕೋಣೆ 12 ಅಡಿ ಉದ್ದ, 11 ಅಡಿ ಅಗಲ. ಮನೆ ಎದುರಿಗೇ ಮುಖ್ಯರಸ್ತೆ, ಮಗನಿಗೆ ಉಬ್ಬಸ. ಅಂಗಡಿಯಲ್ಲಿ ತೋರಿಸಿದ ಏರ್ ಪ್ಯೂರಿಫೈಯರ್ ಡಬ್ಬದ ಮೇಲೆ '500 ಚದರಡಿಗೆ, ಎಚ್13 ಹೆಪಾ' ಎಂದಿದೆ. ನಂಬಬಹುದೇ?
– ಓದುಗರು, ವಿಜಯನಗರ, ಬೆಂಗಳೂರು

ಉತ್ತರ: ಚದರಡಿ ಲೆಕ್ಕ ಬಿಟ್ಟುಬಿಡಿ. ಡಬ್ಬದ ಮೇಲೋ ಕೈಪಿಡಿಯಲ್ಲೋ ಸಿಎಡಿಆರ್ ಎಂಬ ಅಂಕಿ ಹುಡುಕಿ. ಯಂತ್ರ ಗಂಟೆಗೆ ಎಷ್ಟು ಘನ ಮೀಟರ್ ಶುದ್ಧ ಗಾಳಿ ಕೊಡುತ್ತದೆ ಎಂಬುದು ಅದರಿಂದ ತಿಳಿಯುತ್ತದೆ. ಚಾವಣಿ 10 ಅಡಿ ಎತ್ತರವಿದ್ದರೆ ನಿಮ್ಮ ಕೋಣೆಯ ಗಾಳಿ 1,320 ಘನ ಅಡಿ, ಅಂದರೆ ಸುಮಾರು 37 ಘನ ಮೀಟರ್. ಉಬ್ಬಸವಿರುವವರು ಮಲಗುವ ಕೋಣೆಯಲ್ಲಿ ಅಷ್ಟೂ ಗಾಳಿ ಗಂಟೆಗೆ 5 ಸಲವಾದರೂ ಸೋಸಿ ಬರಬೇಕು. ಹಾಗಾಗಿ ನಿಮಗೆ ಬೇಕಿರುವುದು ಸಿಎಡಿಆರ್ 185.

ಆದರೆ ಡಬ್ಬದ ಮೇಲಿನ ಅಂಕಿ ಫ್ಯಾನ್ ಪೂರ್ತಿ ವೇಗದಲ್ಲಿರುವಾಗಿನದು. ಆ ಸದ್ದಿಗೆ ಮಗು ನಿದ್ದೆ ಮಾಡುವುದಿಲ್ಲ. ಸ್ಲೀಪ್ ಮೋಡ್‌ಗೆ ಹಾಕಿದರೆ ಗಾಳಿ ಕಾಲು ಭಾಗಕ್ಕೂ ಇಳಿಯಬಹುದು. ಆದ್ದರಿಂದ ಸಿಎಡಿಆರ್ 350ರ ಆಸುಪಾಸಿನ ಯಂತ್ರ ಕೊಂಡು ನಡು ವೇಗದಲ್ಲಿ ರಾತ್ರಿಯಿಡೀ ಓಡಿಸಿ. '500 ಚದರಡಿ'ಯ ಮಾತಿಗೆ ಬಂದರೆ, ಸಿಎಡಿಆರ್ 300ರ ಯಂತ್ರ ಅಷ್ಟು ದೊಡ್ಡ ಹಾಲ್‌ನ ಗಾಳಿಯನ್ನು ಪೂರ್ತಿ ವೇಗದಲ್ಲೂ ಗಂಟೆಗೆ 2 ಸಲಕ್ಕಿಂತ ಸ್ವಲ್ಪ ಹೆಚ್ಚು ಸೋಸಬಲ್ಲದು, ಅಷ್ಟೇ.

ಹೆಪಾ ಎಂದರೆ ಅತಿ ಸಣ್ಣ ಕಣಗಳನ್ನೂ ಹಿಡಿಯುವ ಫಿಲ್ಟರ್, ಎಚ್13 ಅದರ ಒಂದು ದರ್ಜೆ. ಅದು ಒಳ್ಳೆಯದೇ. ಕೊಳ್ಳುವ ಮುನ್ನ ಫಿಲ್ಟರ್ ಹೊರತೆಗೆಸಿ ನೋಡಿ: ಅಂಚಿಗೆ ಫೋಮ್ ಪಟ್ಟಿ ಇರಬೇಕು, ಕೂರಿಸಿದ ಮೇಲೆ ಅಲುಗಾಡಬಾರದು. ಸಂದಿಯಿದ್ದರೆ ಗಾಳಿ ಫಿಲ್ಟರಿಗೆ ಹೋಗದೆ ಪಕ್ಕದಿಂದಲೇ ನುಸುಳುತ್ತದೆ. 'ಹೆಪಾ ಟೈಪ್' ಎಂದು ಬರೆದಿದ್ದರೆ ಬೇಡ, ಅದು ಅಸಲಿ ಹೆಪಾ ಎಂಬ ಖಾತರಿಯಿಲ್ಲ. ಗಾಳಿಗೆ ವಿದ್ಯುದಾವೇಶದ ಕಣ ಬಿಡುವ ಅಯಾನೈಸರ್ ಇದ್ದರೆ ಆರಿಸಿಡಿ. ಕೆಲವು ಅಯಾನೈಸರ್‌ಗಳಿಂದ ಓಝೋನ್ ಹೊರಬರುತ್ತದೆ, ಅದು ಉಬ್ಬಸ ಕೆರಳಿಸುತ್ತದೆ.

ಪ್ರಶ್ನೆ: ನವೆಂಬರ್‌ನಲ್ಲಿ ಹೊರಗೆ ಪಿಎಂ 2.5 (ಗಾಳಿಯಲ್ಲಿನ ಅತಿ ಸಣ್ಣ ಕಣಗಳು) ಮಟ್ಟ ಘನ ಮೀಟರಿಗೆ 300 ಮೈಕ್ರೋಗ್ರಾಂ ಇದ್ದಾಗ, ಯಂತ್ರ ಎಷ್ಟು ಹೊತ್ತು ಓಡಿದರೂ ಒಳಗೆ 75ಕ್ಕಿಂತ ಕೆಳಗಿಳಿಯುವುದಿಲ್ಲ. ಫಿಲ್ಟರ್ ಹೊಸದು.
– ದೆಹಲಿ ಕನ್ನಡಿಗರು, ದ್ವಾರಕಾ

ಉತ್ತರ: ಫಿಲ್ಟರ್ ಹೊಸದಾದರೆ ಅನುಮಾನ ಪಡಬೇಕಾದದ್ದು ಕೋಣೆಯ ಸಂದಿಗಳನ್ನು. ಗಂಟೆಗೊಮ್ಮೆ ಕೋಣೆಯಷ್ಟು ಹೊರಗಿನ ಗಾಳಿ ಒಳನುಗ್ಗುತ್ತಿದ್ದು, ಯಂತ್ರ ಗಂಟೆಗೆ 3 ಸಲ ಸೋಸುತ್ತಿದ್ದರೆ, ಸ್ಥೂಲ ಲೆಕ್ಕದಲ್ಲಿ ಹೊರಗಿನ ನಾಲ್ಕನೇ ಒಂದು ಭಾಗ ಒಳಗೆ ಉಳಿಯುತ್ತದೆ. ನಿಮ್ಮ 75 ಅಲ್ಲಿಂದಲೇ ಬಂದಿರಬಹುದು. ನುಗ್ಗುವ ಗಾಳಿಯನ್ನು ಅರ್ಧಕ್ಕಿಳಿಸಿದರೆ ಏಳನೇ ಒಂದು ಭಾಗ, ಅಂದರೆ 43ರ ಹತ್ತಿರ ಬರುತ್ತದೆ. ದಿನದ ಸರಾಸರಿಗೆ ನಮ್ಮ ದೇಶದ ಮಿತಿ 60, ವಿಶ್ವ ಆರೋಗ್ಯ ಸಂಸ್ಥೆಯದು 15.

ಬಾಗಿಲಡಿಯ ಸಂದಿಗೆ ರಬ್ಬರ್ ಪಟ್ಟಿ, ಕಿಟಕಿ ಚೌಕಟ್ಟಿಗೆ ಫೋಮ್ ಟೇಪ್ ಹಾಕಿ. ವಿಂಡೋ ಎಸಿ ಇದ್ದರೆ ಅದರ ಸುತ್ತಲ ಸಂದಿಯನ್ನೂ ಮುಚ್ಚಿ. ಬಹಳ ಮನೆಗಳಲ್ಲಿ ದೊಡ್ಡ ತೂತು ಅದೇ. ಹಾಗೆಂದು ದಿನವಿಡೀ ಮುಚ್ಚಿಡಬೇಡಿ. ಪ್ಯೂರಿಫೈಯರ್ ಇಂಗಾಲದ ಡೈಆಕ್ಸೈಡ್ ತೆಗೆಯದು. ಚಳಿಗಾಲದಲ್ಲೂ ಮಧ್ಯಾಹ್ನ ಗಾಳಿಯ ಮಾಲಿನ್ಯ ಸಾಮಾನ್ಯವಾಗಿ ಸ್ವಲ್ಪ ಕಡಿಮೆ. ಆಗ ಹತ್ತು ನಿಮಿಷ ಕಿಟಕಿ ತೆರೆಯಿರಿ. ಚಳಿ ಕಾಯಿಸುವ ಇದ್ದಿಲಿನ ಒಲೆ, ಅಂಗೀಠಿಯನ್ನಂತೂ ಕೋಣೆಯೊಳಗೆ ಹಚ್ಚಲೇಬೇಡಿ. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡ್ ಪ್ರಾಣ ತೆಗೆಯುತ್ತದೆ, ಹೆಪಾ ಅದನ್ನು ತಡೆಯುವುದಿಲ್ಲ.

ಪ್ರಶ್ನೆ: ಹೆಪಾ ಫಿಲ್ಟರ್ ತೊಳೆದು ಮತ್ತೆ ಹಾಕಬಹುದೇ? ಮೇಜಿನ ಮೇಲಿನ ದೂಳೂ ಕಡಿಮೆಯಾಗಿಲ್ಲ.
– ಓದುಗರು, ಹುಬ್ಬಳ್ಳಿ

ಉತ್ತರ: ತೊಳೆಯಬೇಡಿ, ನೀರು ಬಿದ್ದರೆ ಎಳೆಗಳು ಅಂಟಿಕೊಳ್ಳುತ್ತವೆ. ಮುಂದಿನ ಜಾಲರಿಯನ್ನು ಮಾತ್ರ ಹದಿನೈದು ದಿನಕ್ಕೊಮ್ಮೆ ತೊಳೆದು, ಪೂರ್ತಿ ಒಣಗಿಸಿ ಹಾಕಿ. ಅದು ಕಟ್ಟಿಕೊಂಡರೆ ಗಾಳಿಯ ಹರಿವೇ ಕುಗ್ಗುತ್ತದೆ. ಒಗ್ಗರಣೆಯ ಎಣ್ಣೆಹೊಗೆ ಫಿಲ್ಟರನ್ನು ಬೇಗ ಕೆಡಿಸುವುದರಿಂದ ಯಂತ್ರವನ್ನು ಅಡುಗೆಮನೆಯಿಂದ ದೂರವಿಡಿ, ಗೋಡೆಯಿಂದ ಒಂದಡಿ ಬಿಡಿ. ಬದಲಿಸುವಾಗ ಹೊಸ ಫಿಲ್ಟರಿನ ಪ್ಲಾಸ್ಟಿಕ್ ಹೊದಿಕೆ ತೆಗೆದಿದ್ದೀರಾ ಎಂದು ನೋಡಿಕೊಳ್ಳಿ. ಹೊದಿಕೆ ಸಮೇತ ತಿಂಗಳುಗಟ್ಟಲೆ ಓಡಿಸುವವರಿದ್ದಾರೆ.

ಮೇಜಿನ ದೂಳು ದಪ್ಪ ಕಣ. ಯಂತ್ರದವರೆಗೆ ತಲುಪುವ ಮೊದಲೇ ಕೆಳಗೆ ಕೂರುತ್ತದೆ. ಅದಕ್ಕೆ ಒದ್ದೆ ಬಟ್ಟೆಯೇ ಸರಿ.