ಎಸ್‌ಇಒ ಕೆಲಸ: ಒಬ್ಬರ ಕೈಗೋ, ಏಜೆನ್ಸಿಗೋ?

ಪ್ರಶ್ನೆ: ಮಲ್ಪೆ ಕಡಲತೀರಕ್ಕೆ ನಡೆದು ಹೋಗುವಷ್ಟು ಹತ್ತಿರದಲ್ಲಿ ನಾವು ನಾಲ್ಕು ಕೋಣೆಗಳ ಹೋಮ್‌ಸ್ಟೇ ನಡೆಸುತ್ತಿದ್ದೇವೆ. ಕೋಣೆಗೆ ದಿನಕ್ಕೆ 3,000 ರೂಪಾಯಿ ಬಾಡಿಗೆ. ಹೆಚ್ಚಿನ ಅತಿಥಿಗಳು ಬುಕಿಂಗ್ ಆ್ಯಪ್‌ಗಳ ಮೂಲಕವೇ ಬರುವುದರಿಂದ ಕಮಿಷನ್ ಕೊಟ್ಟು ಸಾಕಾಗಿದೆ. ಗೂಗಲ್‌ನಲ್ಲಿ ಹುಡುಕುವವರು ನೇರವಾಗಿ ನಮ್ಮ ವೆಬ್‌ಸೈಟಿಗೆ ಬರುವಂತಾಗಬೇಕು ಎಂದು ಎಸ್‌ಇಒ, ಅಂದರೆ ಹುಡುಕಾಟದಲ್ಲಿ ಸೈಟು ಮೇಲೆ ಕಾಣಿಸುವಂತೆ ಮಾಡುವ ಕೆಲಸ, ಮಾಡಿಸಲು ಹೊರಟಿದ್ದೇವೆ. ಮಂಗಳೂರಿನ ಏಜೆನ್ಸಿಯೊಂದು ತಿಂಗಳಿಗೆ 35,000 ರೂಪಾಯಿ ಮತ್ತು ಜಿಎಸ್‌ಟಿ ಕೇಳುತ್ತಿದೆ. ಒಂದು ವರ್ಷದ ಕರಾರು, ಆರು ತಿಂಗಳಲ್ಲಿ ಮೊದಲ ಸ್ಥಾನ ಗ್ಯಾರಂಟಿ ಎನ್ನುತ್ತಾರೆ. ಮಣಿಪಾಲದ ಫ್ರೀಲ್ಯಾನ್ಸರ್ ಒಬ್ಬರು 12,000 ರೂಪಾಯಿಗೆ ಮಾಡಿಕೊಡುತ್ತೇನೆ ಎನ್ನುತ್ತಾರೆ, ಆದರೆ ಗ್ಯಾರಂಟಿ ಕೊಡಲು ಒಪ್ಪುವುದಿಲ್ಲ. ನಮಗೆ ಜಿಎಸ್‌ಟಿ ನೋಂದಣಿ ಇಲ್ಲ. ಯಾರಿಗೆ ಕೊಡುವುದು ಒಳ್ಳೆಯದು?
– ಹೆಸರು ಬೇಡ, ಮಲ್ಪೆ

ಉತ್ತರ: ಫ್ರೀಲ್ಯಾನ್ಸರ್‌ಗೆ ಕೊಡಿ. ಹಾಗೆ ಹೇಳುವುದಕ್ಕೆ ದರ ಕಡಿಮೆ ಎಂಬುದಷ್ಟೇ ಕಾರಣವಲ್ಲ. ಕೊಡುವ ಮೊದಲು ನೀವು ಗಟ್ಟಿ ಮಾಡಿಕೊಳ್ಳಬೇಕಾದ ಸಂಗತಿಗಳೂ ಇವೆ.

ಗ್ಯಾರಂಟಿಯ ಮಾತನ್ನು ಮೊದಲು ಮುಗಿಸಿಬಿಡೋಣ. ಗೂಗಲ್‌ನಲ್ಲಿ ಮೊದಲ ಸ್ಥಾನದ ಭರವಸೆಯನ್ನು ಯಾರೂ ಕೊಡಲಾರರು ಎಂದು ಗೂಗಲ್ ಕಂಪನಿಯೇ ತನ್ನ ಮಾರ್ಗದರ್ಶಿಯಲ್ಲಿ ಬರೆದಿದೆ. ಮಾಡಿದ ಸುಧಾರಣೆಗಳ ಫಲ ಕಾಣಲು ಸಾಮಾನ್ಯವಾಗಿ 4 ತಿಂಗಳಿನಿಂದ ಒಂದು ವರ್ಷ ಹಿಡಿಯುತ್ತದೆ ಎಂದೂ ಅದೇ ಹೇಳುತ್ತದೆ. ಹೀಗಿರುವಾಗ ಗ್ಯಾರಂಟಿ ಕೊಟ್ಟವರು ಸಾಮಾನ್ಯವಾಗಿ ಯಾರೂ ಹುಡುಕದ ಉದ್ದುದ್ದ ಪದಗಳಿಗೆ ಮೊದಲ ಸ್ಥಾನ ತಂದು ತೋರಿಸುತ್ತಾರೆ, ಇಲ್ಲವೇ ದುಡ್ಡು ಕೊಟ್ಟು ಬೇರೆ ಸೈಟುಗಳಿಂದ ಲಿಂಕ್ ಹಾಕಿಸುತ್ತಾರೆ. ರ್‍ಯಾಂಕ್ ಏರಿಸಲೆಂದು ಲಿಂಕ್ ಕೊಳ್ಳುವುದು ಗೂಗಲ್‌ನ ನಿಯಮಕ್ಕೆ ವಿರುದ್ಧ. 2012ರ ಏಪ್ರಿಲ್‌ನಲ್ಲಿ ಗೂಗಲ್ ಸೈಟುಗಳಿಗೆ ಸ್ಥಾನ ಕೊಡುವ ಕ್ರಮದಲ್ಲಿ ಪೆಂಗ್ವಿನ್ ಎಂಬ ಬದಲಾವಣೆ ಬಂದಾಗ ಇಂಥ ಲಿಂಕುಗಳನ್ನೇ ನಂಬಿದ್ದ ಸೈಟುಗಳು ನೆಲಕಚ್ಚಿದ್ದವು. ಹಾಗೆ ಬಿದ್ದರೆ ನಷ್ಟ ನಿಮಗೇ ಹೊರತು ಏಜೆನ್ಸಿಗಲ್ಲ. ಗ್ಯಾರಂಟಿ ಕೊಡುವುದಿಲ್ಲ ಎಂದ ಮಣಿಪಾಲದವರ ಮೇಲೆ ನನಗೆ ವಿಶ್ವಾಸ ಮೂಡಿದ್ದೇ ಆ ಕಾರಣಕ್ಕೆ.

ಇನ್ನು ಹಣದ ಲೆಕ್ಕ. ಏಜೆನ್ಸಿಯ 35,000 ರೂಪಾಯಿಗೆ ಶೇ. 18 ಜಿಎಸ್‌ಟಿ ಸೇರಿದರೆ ತಿಂಗಳಿಗೆ 41,300 ರೂಪಾಯಿ, ವರ್ಷಕ್ಕೆ 4,95,600 ರೂಪಾಯಿ ಆಗುತ್ತದೆ. ನಿಮಗೆ ನೋಂದಣಿ ಇಲ್ಲದ್ದರಿಂದ ಆ ತೆರಿಗೆ ಇನ್‌ಪುಟ್ ಕ್ರೆಡಿಟ್ ಆಗಿ ಮರಳಿ ಬರುವುದಿಲ್ಲ. ಬರೀ ಬಾಡಿಗೆಯ ಲೆಕ್ಕ ಹಿಡಿದರೂ ಈ ಖರ್ಚು ಹುಟ್ಟಬೇಕಾದರೆ ಪ್ರತಿ ತಿಂಗಳೂ ಈಗಿರುವುದಕ್ಕಿಂತ 14 ರಾತ್ರಿಗಳ ಹೆಚ್ಚುವರಿ ಬುಕಿಂಗ್ ಬೇಕು. ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ ನಿಂತು, ಕಡಲಿಗೆ ಇಳಿಯಬೇಡಿ ಎಂಬ ಎಚ್ಚರಿಕೆ ಇರುವ ಮಳೆಗಾಲದ ತಿಂಗಳುಗಳಲ್ಲೂ ಬೇಕು. ಫ್ರೀಲ್ಯಾನ್ಸರ್ ಖರ್ಚು 4 ರಾತ್ರಿಗಳಲ್ಲಿ ಹುಟ್ಟುತ್ತದೆ. ಇಲ್ಲಿ ಇನ್ನೊಂದು ಸೂಕ್ಷ್ಮವಿದೆ: ಹೇಗೂ ಆ್ಯಪ್ ಮೂಲಕ ಬರಲಿದ್ದ ಅತಿಥಿ ಈಗ ನೇರವಾಗಿ ಬಂದರೆ ನಿಮಗೆ ಉಳಿಯುವುದು ಕಮಿಷನ್ ಮಾತ್ರ, ಪೂರ್ತಿ 3,000 ರೂಪಾಯಿಯಲ್ಲ. ಈ ಎರಡನ್ನೂ ಒಂದೇ ಗಂಟಿಗೆ ಕಟ್ಟಿ ಲಾಭ ತೋರಿಸುವ ಲೆಕ್ಕವನ್ನು ಒಪ್ಪಬೇಡಿ.

ನಿಮ್ಮಲ್ಲಿ ಆಗಬೇಕಾದ ಕೆಲಸವೂ ಒಬ್ಬರ ಅಳತೆಯದು. ‘ಉಡುಪಿ ಹೋಟೆಲ್’ ಎಂದು ಹುಡುಕಿದರೆ ಮೊದಲ ಪುಟವನ್ನು ಬುಕಿಂಗ್ ಕಂಪನಿಗಳೇ ತುಂಬಿಕೊಂಡಿರುತ್ತವೆ. ಅಲ್ಲಿ ಅವುಗಳೊಡನೆ ನಾಲ್ಕು ಕೋಣೆಯ ಮನೆ ಗುದ್ದಾಡುವುದರಲ್ಲಿ ಅರ್ಥವಿಲ್ಲ, ಅದನ್ನು 35,000 ರೂಪಾಯಿಯೂ ಬದಲಿಸಲಾರದು. ನಿಮಗೆ ದಕ್ಕುವುದು ಹೆಚ್ಚು ನಿರ್ದಿಷ್ಟವಾದ ಹುಡುಕಾಟಗಳು: ಅಡುಗೆಮನೆ ಇರುವ ಹೋಮ್‌ಸ್ಟೇ, ಹಿರಿಯರಿಗಾಗಿ ನೆಲಮಹಡಿಯ ಕೋಣೆ, ಬೀಚಿಗೆ ನಡೆದು ಹೋಗುವ ದೂರ, ಬೆಳಗಿನ ಜಾವ ಕೃಷ್ಣಮಠಕ್ಕೆ ಹೋಗಿಬರಲು ವಾಹನದ ವ್ಯವಸ್ಥೆ. ಇವಕ್ಕೆ ತಕ್ಕ ನಾಲ್ಕೈದು ಪುಟ ಬರೆಯಲು ಊರು ಗೊತ್ತಿರುವ ಒಬ್ಬರು ಸಾಕು. ಮೊಬೈಲಿನಲ್ಲಿ ತೆಗೆದ ಚಿತ್ರಗಳನ್ನು ಹಾಗೆಯೇ ಸೈಟಿಗೆ ಏರಿಸಿದ್ದರೆ ಅವುಗಳ ಗಾತ್ರ ಇಳಿಸಬೇಕು. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಿಸಬೇಕು ಎಂಬುದು ಗೂಗಲ್ ಇಟ್ಟ ಅಳತೆ. ರೈಲಿನಲ್ಲಿ ಕೂತು ಮೊಬೈಲಿನಲ್ಲಿ ಕೋಣೆ ಹುಡುಕುತ್ತಿರುವವರು ಅದಕ್ಕಿಂತ ಹೆಚ್ಚು ಕಾಯುವುದೂ ಇಲ್ಲ. ಇದು ಒಂದೆರಡು ದಿನದಲ್ಲಿ ಮುಗಿಯುವ ಕೆಲಸ.

ಇದಕ್ಕಿಂತಲೂ ಮುಖ್ಯವಾದದ್ದು ಗೂಗಲ್ ಬಿಸಿನೆಸ್ ಪ್ರೊಫೈಲ್, ಅಂದರೆ ಮ್ಯಾಪ್‌ನಲ್ಲಿ ಕಾಣಿಸುವ ನಿಮ್ಮ ಹೆಸರು, ಫೋಟೊ, ರಿವ್ಯೂ ಎಲ್ಲವೂ. ಅಲ್ಲಿ ಯಾರನ್ನು ಮುಂದೆ ತೋರಿಸಬೇಕೆಂಬುದು ಹುಡುಕಾಟಕ್ಕೆ ಎಷ್ಟು ಹೊಂದುತ್ತದೆ, ಎಷ್ಟು ದೂರದಲ್ಲಿದೆ, ಎಷ್ಟು ಹೆಸರುವಾಸಿ ಎಂಬ ಮೂರರ ಮೇಲೆ ನಿಂತಿದೆ. ದೂರವನ್ನು ಯಾವ ಎಸ್‌ಇಒ ತಜ್ಞರೂ ಬದಲಿಸಲಾರರು. ಬೋರ್ಡಿನ ಮೇಲಿರುವ ಹೆಸರಿನ ಜೊತೆಗೆ ‘ಬೆಸ್ಟ್ ಬೀಚ್ ಹೋಮ್‌ಸ್ಟೇ ಮಲ್ಪೆ’ ಎಂಬಂಥ ಬಾಲ ಸೇರಿಸೋಣ ಎಂದರೆ ಬೇಡವೆನ್ನಿ, ಪ್ರೊಫೈಲ್ ಅಮಾನತಾಗಬಹುದು. ಒಳ್ಳೆಯ ರಿವ್ಯೂ ಬರೆದರೆ ಬಾಡಿಗೆಯಲ್ಲಿ ರಿಯಾಯಿತಿ ಎನ್ನುವುದೂ ನಿಯಮಕ್ಕೆ ವಿರುದ್ಧ.

ಏಜೆನ್ಸಿ ಎಂದರೆ ಹತ್ತು ಜನ ನಿಮ್ಮ ಕೆಲಸಕ್ಕೆ ಕೂರುತ್ತಾರೆ ಎಂಬ ಭಾವನೆ ಸಹಜ. ನಿಮ್ಮಷ್ಟು ಸಣ್ಣ ಖಾತೆಯನ್ನು ಸಾಮಾನ್ಯವಾಗಿ ನೋಡಿಕೊಳ್ಳುವುದು ಒಬ್ಬ ಎಕ್ಸಿಕ್ಯೂಟಿವ್. ಅವರ ಕೈಯಲ್ಲಿ ಬೇರೆ ಗ್ರಾಹಕರ ಕೆಲಸಗಳೂ ಇರುತ್ತವೆ, ಮತ್ತು ಅವರು ನಿಮ್ಮಲ್ಲಿಗೆ ಬಂದು ಚೆಂದವಾಗಿ ಮಾತಾಡಿ ಹೋದವರಲ್ಲ. ‘ನನ್ನ ಕೆಲಸ ಮಾಡುವವರು ಯಾರು, ಅವರೊಡನೆ ಮಾತಾಡಿಸಿ’ ಎಂದು ಕೇಳಿ ನೋಡಿ. ಬರುವ ಉತ್ತರವೇ ಬಹಳಷ್ಟನ್ನು ತಿಳಿಸುತ್ತದೆ. ಫ್ರೀಲ್ಯಾನ್ಸರ್ ವಿಷಯದಲ್ಲಿ ಅಪಾಯ ಬೇರೆ ಬಗೆಯದು. ನಾಳೆ ಅವರಿಗೆ ಬೆಂಗಳೂರಿನಲ್ಲಿ ನೌಕರಿ ಸಿಕ್ಕರೆ, ಕಾಯಿಲೆ ಬಿದ್ದರೆ, ಫೋನ್ ಎತ್ತುವುದನ್ನೇ ನಿಲ್ಲಿಸಿದರೆ ಅವರ ಜಾಗಕ್ಕೆ ಬರುವವರಿಲ್ಲ.

ಅದಕ್ಕಾಗಿಯೇ ಡೊಮೇನ್ (ಸೈಟಿನ ವಿಳಾಸ), ಹೋಸ್ಟಿಂಗ್ (ಸೈಟನ್ನು ಇಟ್ಟಿರುವ ಜಾಗ), ಸರ್ಚ್ ಕನ್ಸೋಲ್ (ಹುಡುಕಾಟದಲ್ಲಿ ಸೈಟು ಹೇಗೆ ಕಾಣಿಸುತ್ತಿದೆ ಎಂದು ತೋರಿಸುವ ಗೂಗಲ್‌ನ ಸಾಧನ), ಬಿಸಿನೆಸ್ ಪ್ರೊಫೈಲ್ ಇವೆಲ್ಲವೂ ನಿಮ್ಮ ಇಮೇಲ್‌ನಲ್ಲಿ, ನಿಮ್ಮ ಫೋನ್ ನಂಬರಿಗೆ ಜೋಡಿಸಿರಬೇಕು. ಸರ್ಚ್ ಕನ್ಸೋಲ್‌ನಲ್ಲಿ ‘ಓನರ್’ ನೀವಾಗಿ, ಅವರನ್ನು ‘ಫುಲ್ ಯೂಸರ್’ ಆಗಿ ಸೇರಿಸಬಹುದು. ಬಿಸಿನೆಸ್ ಪ್ರೊಫೈಲ್‌ನಲ್ಲಿ ‘ಪ್ರೈಮರಿ ಓನರ್’ ನೀವು, ‘ಮ್ಯಾನೇಜರ್’ ಅವರು. ಕೆಲಸಕ್ಕೆ ಇಷ್ಟು ಸಾಕು, ಪಾಸ್‌ವರ್ಡ್ ಕೊಡುವ ಅಗತ್ಯವೇ ಬೀಳುವುದಿಲ್ಲ. ಯಾವ ದಿನ ಯಾವ ಪುಟದಲ್ಲಿ ಏನು ಬದಲಿಸಿದೆ ಎಂಬುದನ್ನು ಒಂದು ಗೂಗಲ್ ಶೀಟ್‌ನಲ್ಲಿ ಬರೆದಿಡಲು ಹೇಳಿ. ಮುಂದೆ ಬೇರೆಯವರು ಬಂದರೆ ಅಲ್ಲಿಂದಲೇ ಕೈಗೆತ್ತಿಕೊಳ್ಳಬಹುದು.

ಪ್ರತಿ ತಿಂಗಳು ಕೊಡುವ ವರದಿಯನ್ನು ಓದುವುದನ್ನೂ ಕಲಿತುಕೊಳ್ಳಿ. ಅದರಲ್ಲಿ ಹತ್ತು ಕೀವರ್ಡ್‌ಗಳಿಗೆ, ಅಂದರೆ ಹುಡುಕುವ ಪದಗಳಿಗೆ, ಒಂದನೇ ಸ್ಥಾನ ಎಂದು ಹಸಿರು ಬಣ್ಣದಲ್ಲಿ ತೋರಿಸಿ, ಆ ಹತ್ತರಲ್ಲಿ ಎಂಟು ನಿಮ್ಮ ಹೋಮ್‌ಸ್ಟೇಯ ಹೆಸರಿನದೇ ರೂಪಗಳಾಗಿದ್ದರೆ ಅದಕ್ಕೆ ಬೆಲೆಯಿಲ್ಲ. ನಿಮ್ಮ ಹೆಸರನ್ನೇ ಟೈಪ್ ಮಾಡಿದವರಿಗೆ ನೀವು ಕಾಣಿಸಲು ಯಾರಿಗೂ ಹಣ ಕೊಡಬೇಕಾಗಿಲ್ಲ. ಸರ್ಚ್ ಕನ್ಸೋಲ್ ತೆರೆದು, ‘ಪರ್ಫಾರ್ಮೆನ್ಸ್’ ಭಾಗದಲ್ಲಿ ನಿಮ್ಮ ಹೆಸರಿರುವ ಹುಡುಕಾಟಗಳನ್ನು ಫಿಲ್ಟರ್ ಹಾಕಿ ಹೊರಗಿಟ್ಟು, ಉಳಿದವುಗಳಿಂದ ಎಷ್ಟು ಕ್ಲಿಕ್ ಬಂದಿದೆ ಎಂದು ನೋಡಿ. ಇದು ಉಚಿತ, ಮೊಬೈಲ್‌ನಲ್ಲೇ ಆಗುತ್ತದೆ. ನಿಮ್ಮಂಥ ಸೀಸನ್ ವ್ಯಾಪಾರದಲ್ಲಿ ಇನ್ನೊಂದು ಕಣ್ಕಟ್ಟು ನಡೆಯುತ್ತದೆ: ಜುಲೈನಲ್ಲಿ ಕೆಲಸ ಶುರುಮಾಡಿ ಡಿಸೆಂಬರ್‌ನಲ್ಲಿ ಗ್ರಾಫ್ ತೋರಿಸಿದರೆ ಅದು ಏರಿಯೇ ಇರುತ್ತದೆ, ಆದರೆ ಏರಿಸಿದ್ದು ಕ್ರಿಸ್‌ಮಸ್ ರಜೆ. ಸರ್ಚ್ ಕನ್ಸೋಲ್ 16 ತಿಂಗಳ ಮಾಹಿತಿ ಇಟ್ಟುಕೊಳ್ಳುತ್ತದೆ. ಡಿಸೆಂಬರನ್ನು ಹಿಂದಿನ ವರ್ಷದ ಡಿಸೆಂಬರ್ ಜೊತೆಗೆ ಹೋಲಿಸಿ ಕೊಡಿ ಎಂದು ಕೇಳಿ. ಈ ಮಾತನ್ನು ಮಣಿಪಾಲದವರಿಗೂ ಅಷ್ಟೇ ಕಟ್ಟುನಿಟ್ಟಾಗಿ ಹೇಳಬೇಕು.

ಕರಾರು ಮೂರು ತಿಂಗಳದ್ದಾಗಿರಲಿ, ಮೊದಲ ತಿಂಗಳು ಸೈಟಿನ ತಪಾಸಣೆ ಮತ್ತು ದುರಸ್ತಿಗೆ. ಮಳೆ ಹಿಡಿಯುವ ಹೊತ್ತಿಗೆ ಶುರುಮಾಡಿದರೆ ಅಕ್ಟೋಬರ್ ಸೀಸನ್‌ಗೆ ಸ್ವಲ್ಪವಾದರೂ ಫಲ ಕಾಣಬಹುದು. ಅಕ್ಟೋಬರ್‌ನಲ್ಲಿ ಶುರುಮಾಡಿದರೆ ಆ ಸೀಸನ್ ಕೈತಪ್ಪಿದಂತೆಯೇ. ಕೃಷ್ಣಮಠದ ಪರ್ಯಾಯೋತ್ಸವದ ಸಮಯದ ಕೋಣೆಗಳ ಬಗ್ಗೆ ಒಂದು ಪುಟ ಮಾಡಿಸುವುದಿದ್ದರೆ, ಅದು ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ಬರುವುದರಿಂದ, ಪುಟದ ವಿಳಾಸದಲ್ಲಿ ಇಸವಿ ಹಾಕಬೇಡಿ. ಒಂದೇ ಪುಟವನ್ನು ಪ್ರತಿ ಸಲ ಹೊಸದು ಮಾಡುತ್ತಾ ಹೋದರೆ ಹಿಂದೆ ಗಳಿಸಿದ್ದು ಉಳಿದುಕೊಳ್ಳುತ್ತದೆ.

ಪ್ರಶ್ನೆ: ಮಂಗಳೂರು, ಉಡುಪಿ, ಕುಂದಾಪುರಗಳಲ್ಲಿ ನಮ್ಮ ಗೋಡಂಬಿ, ಮಸಾಲೆ, ಸಿಹಿತಿಂಡಿಗಳ ಅಂಗಡಿಗಳಿವೆ, ವೆಬ್‌ಸೈಟಿನಲ್ಲಿ ಆರುನೂರರಷ್ಟು ಸರಕುಗಳನ್ನು ದೇಶದಾದ್ಯಂತ ಮಾರುತ್ತೇವೆ. ಹಿಂದಿನ ಏಜೆನ್ಸಿ ಸೈಟನ್ನು ಹೊಸದಾಗಿ ಕಟ್ಟಿಕೊಟ್ಟ ಮೇಲೆ ಆರ್ಡರ್‌ಗಳು ಅರ್ಧಕ್ಕಿಳಿದವು. ಈಗ ಬಿಡುತ್ತೇವೆ ಎಂದರೆ ಡೊಮೇನ್ ತಮ್ಮ ಹೆಸರಿನಲ್ಲಿದೆ ಎನ್ನುತ್ತಾರೆ. ಏಜೆನ್ಸಿಗಳ ಸಹವಾಸವೇ ಸಾಕು, ಫ್ರೀಲ್ಯಾನ್ಸರ್ ಒಬ್ಬರನ್ನು ಹಿಡಿಯೋಣವೇ?
– ಓದುಗರು, ಮಂಗಳೂರು

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದೇ, ಆದರೆ ನಿಮ್ಮ ಕೆಲಸ ಒಬ್ಬರಿಂದ ಆಗುವಂಥದ್ದಲ್ಲ.

ಮೊದಲು ಡೊಮೇನ್. ಬಾಕಿ ಏನಾದರೂ ಇದ್ದರೆ ತೀರಿಸಿ, ಡೊಮೇನನ್ನು ನಿಮ್ಮ ಹೆಸರಿಗೆ ವರ್ಗಾಯಿಸಬೇಕೆಂದೂ ವರ್ಗಾವಣೆಯ ಕೋಡ್ ಕೊಡಬೇಕೆಂದೂ ಇಮೇಲ್‌ನಲ್ಲಿ ಕೇಳಿ. ಫೋನಿನಲ್ಲಿ ಆಡಿದ ಮಾತಿಗೆ ಸಾಕ್ಷಿ ಇರುವುದಿಲ್ಲ. ನೋಂದಣಿಗೆ ಹಣ ಕೊಟ್ಟದ್ದು ನೀವೇ ಎಂದು ತೋರಿಸುವ ಬಿಲ್ಲುಗಳನ್ನು ಹುಡುಕಿಟ್ಟುಕೊಳ್ಳಿ. ವಿಳಾಸ ‘.ಇನ್’ ಎಂದು ಕೊನೆಗೊಳ್ಳುತ್ತಿದ್ದು, ಅಂಗಡಿಯ ಹೆಸರಿಗೆ ಟ್ರೇಡ್‌ಮಾರ್ಕ್ ಇದ್ದರೆ, ಆ ಡೊಮೇನ್‌ಗಳ ಹೊಣೆ ಹೊತ್ತ ನಿಕ್ಸಿ ಸಂಸ್ಥೆಯ ವಿವಾದ ಪರಿಹಾರ ವ್ಯವಸ್ಥೆಯಡಿ ದೂರು ಕೊಡುವ ದಾರಿ ಇದೆ. ಅದಕ್ಕೆ ವಕೀಲರ ಸಲಹೆ ಬೇಕಾಗುತ್ತದೆ. ಮೂರೂ ಅಂಗಡಿಗಳ ಬಿಸಿನೆಸ್ ಪ್ರೊಫೈಲ್ ಯಾರ ಖಾತೆಯಲ್ಲಿದೆ ಎಂದು ಇವತ್ತೇ ನೋಡಿ. ಅವೂ ಅವರ ಬಳಿ ಇದ್ದರೆ ಮಾಲೀಕತ್ವ ಕೋರಲು ಗೂಗಲ್‌ನಲ್ಲೇ ಅವಕಾಶವಿದೆ.

ಆರ್ಡರ್ ಇಳಿದದ್ದಕ್ಕೆ ನನಗೆ ಮೊದಲು ಅನುಮಾನ ಬರುವುದು ವಿಳಾಸಗಳ ಮೇಲೆ. ಹೊಸ ಸೈಟ್ ಕಟ್ಟುವಾಗ ಪ್ರತಿ ಸರಕಿನ ಪುಟದ ವಿಳಾಸ ಬದಲಾಗಿ, ಹಳೆಯ ವಿಳಾಸಕ್ಕೆ ಬಂದವರನ್ನು ತಾನಾಗಿಯೇ ಹೊಸದಕ್ಕೆ ಕಳಿಸುವ 301 ರೀಡೈರೆಕ್ಟ್ ಹಾಕದೆ ಬಿಟ್ಟರೆ, ವರ್ಷಗಟ್ಟಲೆ ಗಳಿಸಿದ ಸ್ಥಾನ ಹೊಸ ಪುಟಕ್ಕೆ ದಾಟುವುದಿಲ್ಲ. ಪರೀಕ್ಷಿಸುವುದು ಕಷ್ಟವಲ್ಲ. ಹಳೆಯ ವಾಟ್ಸ್‌ಆ್ಯಪ್ ಸಂದೇಶದಲ್ಲಿ ಗ್ರಾಹಕರಿಗೆ ಕಳಿಸಿದ್ದ ಯಾವುದಾದರೂ ಸರಕಿನ ಲಿಂಕ್ ಒತ್ತಿ ನೋಡಿ. ‘404’, ಅಂದರೆ ಪುಟ ಸಿಗಲಿಲ್ಲ ಎಂದು ತೋರಿಸಿದರೆ ರೋಗ ಬಹುಶಃ ಅಲ್ಲೇ ಇದೆ.

ಇದನ್ನು ಸರಿಪಡಿಸಲು ಡೆವಲಪರ್ ಬೇಕು, ಆರುನೂರು ಪುಟಗಳ ವಿವರಣೆ ತಿದ್ದಲು ಬರೆಯುವವರು ಬೇಕು, ಅಂಕಿ ನೋಡಿ ಯಾವುದು ಮೊದಲು ಎಂದು ಹೇಳುವವರು ಬೇಕು. ಒಬ್ಬರೇ ಮೂರನ್ನೂ ಮಾಡುತ್ತೇನೆ ಎಂದರೆ ಒಂದೆರಡು ಅರೆಬರೆಯಾಗುತ್ತವೆ. ಹಾಗಾಗಿ ಕೆಲಸವನ್ನು ಬೇರೊಂದು ಏಜೆನ್ಸಿಗೇ ಕೊಡಿ, ಆದರೆ ಅನುಭವಸ್ಥ ಫ್ರೀಲ್ಯಾನ್ಸರ್ ಒಬ್ಬರಿಂದ ಮೊದಲು ತಪಾಸಣೆ ಮಾಡಿಸಿ, ಅವರು ಬರೆದುಕೊಟ್ಟ ಪಟ್ಟಿಯ ಮೇಲೆ ಕೊಟೇಶನ್ ಕೇಳಿ. ಮೂರು ತಿಂಗಳಿಗೊಮ್ಮೆ ಅವರೇ ಏಜೆನ್ಸಿಯ ಕೆಲಸವನ್ನು ಪರಿಶೀಲಿಸಲಿ. ಖರ್ಚು ಸ್ವಲ್ಪ ಹೆಚ್ಚುತ್ತದೆ ನಿಜ. ಆದರೆ ಕೆಲಸ ಮಾಡಿದವರೇ ಅದಕ್ಕೆ ಅಂಕ ಕೊಟ್ಟುಕೊಳ್ಳುವ ಏರ್ಪಾಡಿನಿಂದಲೇ ನೀವು ಇಲ್ಲಿಯವರೆಗೆ ಬಂದಿದ್ದೀರಿ. ಅಂಗಡಿಯ ಕಡೆಯಿಂದಲೂ ಫೋಟೊ, ಬೆಲೆ, ದಾಸ್ತಾನಿನ ವಿಷಯಕ್ಕೆ ಅವತ್ತಿಗವತ್ತೇ ಉತ್ತರಿಸುವ ಒಬ್ಬ ನೌಕರರನ್ನು ಗೊತ್ತುಮಾಡಿ. ಅಂಥವರಿಲ್ಲದ ಕಡೆ ಯಾವ ಏಜೆನ್ಸಿಯ ಕೆಲಸವೂ ಮುಂದೆ ಸಾಗುವುದಿಲ್ಲ.

ಪ್ರಶ್ನೆ: ಉಡುಪಿಯಲ್ಲಿ ನನ್ನ ಚರ್ಮರೋಗ ಕ್ಲಿನಿಕ್ ಇದೆ. ಏಜೆನ್ಸಿಯವರು ತಿಂಗಳಿಗೆ 30 ಲೇಖನ ಹಾಕುತ್ತೇವೆ ಎನ್ನುತ್ತಾರೆ, ಫ್ರೀಲ್ಯಾನ್ಸರ್ ಅದೇ ಹಣಕ್ಕೆ ಎರಡೇ ಎನ್ನುತ್ತಾರೆ. ಲೆಕ್ಕಕ್ಕೆ ಮೊದಲನೆಯದೇ ಲಾಭವಲ್ಲವೇ?
– ವೈದ್ಯರು, ಉಡುಪಿ

ಉತ್ತರ: ಅಲ್ಲ. ಆ ದರಕ್ಕೆ 30 ಲೇಖನ ಎಂದರೆ ಯಂತ್ರ ಬರೆದದ್ದನ್ನು ಯಾರೂ ಓದದೆ ಏರಿಸುತ್ತಾರೆಂದೇ ಅರ್ಥ. ರ್‍ಯಾಂಕ್‌ಗಾಗಿ ರಾಶಿ ರಾಶಿ ಪುಟ ಸೃಷ್ಟಿಸುವುದನ್ನು ಗೂಗಲ್ 2024ರ ಮಾರ್ಚ್‌ನಲ್ಲಿ ಸ್ಪ್ಯಾಮ್ ನಿಯಮಗಳಲ್ಲಿ ಸ್ಪಷ್ಟವಾಗಿ ಸೇರಿಸಿತು. ಬರೆದದ್ದು ಮನುಷ್ಯರೋ ಯಂತ್ರವೋ ಎಂಬುದು ಅಲ್ಲಿ ಮುಖ್ಯವಲ್ಲ, ಓದುವವರಿಗೆ ಉಪಯೋಗವಿಲ್ಲದ ರಾಶಿ ಎಂಬುದು ಮುಖ್ಯ. ಆರೋಗ್ಯದ ವಿಷಯದಲ್ಲಂತೂ ಬರೆದವರು ಯಾರು, ಅವರಿಗೆ ಆ ಅರ್ಹತೆ ಇದೆಯೇ ಎಂಬುದಕ್ಕೆ ಹೆಚ್ಚು ತೂಕ.

ನಿಮಗೆ ಇನ್ನೊಂದು ಎಚ್ಚರವೂ ಬೇಕು. ವೈದ್ಯರು ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಜಾಹೀರಾತಿನ ಮೂಲಕ ರೋಗಿಗಳನ್ನು ಸೆಳೆಯುವುದನ್ನು 2002ರ ವೈದ್ಯಕೀಯ ವೃತ್ತಿ ನಡವಳಿಕೆಯ ನಿಯಮಗಳು ನಿಷೇಧಿಸಿವೆ. ‘ಉಡುಪಿಯ ನಂಬರ್ ಒನ್ ಚರ್ಮರೋಗ ತಜ್ಞರು’ ಎಂದು ಏಜೆನ್ಸಿಯ ಹುಡುಗರು ಶೀರ್ಷಿಕೆ ಕೊಟ್ಟರೆ ವೈದ್ಯಕೀಯ ಪರಿಷತ್ತಿಗೆ ಉತ್ತರಿಸಬೇಕಾದವರು ನೀವು.

ಎರಡೇ ಲೇಖನ ಸಾಕು. ಮಳೆಗಾಲದಲ್ಲಿ ಕಾಲ್ಬೆರಳ ಸಂದಿಯ ಫಂಗಸ್ ಹಿಡಿದು ಬಂದವರು, ಮೆಡಿಕಲ್ ಶಾಪ್‌ನಿಂದ ಸ್ಟೆರಾಯ್ಡ್ ಮುಲಾಮು ತಂದು ಹಚ್ಚಿ ಕಾಯಿಲೆ ಹೆಚ್ಚಿಸಿಕೊಂಡವರು ನಿಮ್ಮಲ್ಲಿ ಏನು ಕೇಳುತ್ತಾರೋ ಅದನ್ನೇ ವಿಷಯವಾಗಿ ಕೊಡಿ. ಹತ್ತು ನಿಮಿಷ ನೀವು ಮಾತಾಡಿ ರೆಕಾರ್ಡ್ ಮಾಡಿ ಕಳಿಸಿದರೆ ಫ್ರೀಲ್ಯಾನ್ಸರ್ ಅದನ್ನು ಬರಹಕ್ಕಿಳಿಸುತ್ತಾರೆ. ಪ್ರಕಟಿಸುವ ಮೊದಲು ನೀವೇ ಓದಿ ತಿದ್ದಿ, ಕೆಳಗೆ ನಿಮ್ಮ ಹೆಸರು, ಪದವಿ, ನೋಂದಣಿ ಸಂಖ್ಯೆ ಹಾಕಿಸಿ. ಈ ತಿದ್ದುವಿಕೆ ಕರಾರಿನಲ್ಲೇ ಬರೆದಿರಲಿ: ನಿಮ್ಮ ಒಪ್ಪಿಗೆ ಇಲ್ಲದೆ ಒಂದು ಸಾಲೂ ಸೈಟಿಗೆ ಹೋಗಕೂಡದು.